ಭಾನುಪ್ರಕಾಶ್ ಮೇಷ್ಟ್ರ ಒಂಬತ್ತು ಪುಡಿ

ಅಕ್ಕಯಮ್ಮ ಭಾನುಪ್ರಕಾಶ್ ಮೇಷ್ಟ್ರನ್ನು ಮೊದಲು ಕಂಡದ್ದು ಜಂಗಮಕೋಟೆಯ ಅವರ ಮನೆಯ ಪಡಸಾಲೆಯಲ್ಲಿ, ಒಂದು ಬುಧವಾರ ಬೆಳಗ್ಗೆ ಎಂಟೂವರೆಗೆ. ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಒಂಬತ್ತು ಗ್ರಹಗಳ ದುಂಡನೆಯ ಬೊಟ್ಟುಗಳಿಗೆ ಬಣ್ಣ ತುಂಬುತ್ತಿದ್ದರು. ಬಂದವಳು ಯಾರು, ಯಾತಕ್ಕೆ ಬಂದಳು ಎಂದು ಕೇಳಲಿಲ್ಲ. ತಲೆ ಎತ್ತದೆ ಇನ್ನೊಂದು ಕೇಳಿದರು.

"ಏನಮ್ಮ, ನೀನು ಯಾವುದರಿಂದ ಆಗಿದ್ದೀಯ?"

"ರಾಗಿಯಿಂದ ಸ್ವಾಮಿ" ಅಂದಳು ಅಕ್ಕಯಮ್ಮ. ಸ್ವಲ್ಪ ಯೋಚಿಸಿ, ಲೆಕ್ಕ ತಪ್ಪಬಾರದೆಂದು, "ಒಂದಿಷ್ಟು ಅವರೆಕಾಳು, ಹುರುಳಿಕಾಳು. ಹಬ್ಬಕ್ಕೆ ಅಕ್ಕಿ" ಎಂದು ಸೇರಿಸಿದಳು.

ಮೇಷ್ಟ್ರು ಕುಂಚ ಕೆಳಗಿಟ್ಟು ಅವಳನ್ನು ನೋಡಿದರು. ಮೂವತ್ತನಾಲ್ಕು ವರ್ಷ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು ಹಿಂದಿನ ಬೆಂಚಿನ ಹುಡುಗರನ್ನು ನೋಡುತ್ತಿದ್ದ ನೋಟವೇ ಅದು ಇರಬೇಕು.

"ಪಂಚಭೂತದಿಂದ ಆಗಿದ್ದೀಯ ತಾಯಿ. ಪೃಥ್ವಿ, ಅಪ್ಪು, ತೇಜಸ್ಸು, ವಾಯು, ಆಕಾಶ. ನೀನೂ ಅಷ್ಟೆ, ಆ ಗ್ರಹಗಳೂ ಅಷ್ಟೆ, ಒಳಗಿರೋ ರೇಷ್ಮೆ ಹುಳುವೂ ಅಷ್ಟೆ. ಇದು ಗೊತ್ತಿಲ್ಲದೆ ಇಷ್ಟು ವರ್ಷ ಹುಳು ಸಾಕಿದ್ದೀಯಲ್ಲ, ಅದೇ ಆಶ್ಚರ್ಯ."

"ಸರ್ಲೆ" ಅಂದಳು ಅಕ್ಕಯಮ್ಮ. "ಹುಳು ಮನೆ ಯಾವ ಕಡೆ?"

ಅವಳು ಬಂದದ್ದು ಲಾವಣ್ಯ ಕರೆಸಿದ್ದಕ್ಕೆ. ಗೂಡು ಕಟ್ಟುವ ಹೊತ್ತಿಗೆ ಬಂದ ರೇಷ್ಮೆ ಹುಳುವನ್ನು ಇನ್ನೂ ತಿನ್ನುತ್ತಿರುವ ಹುಳುವಿನಿಂದ ಬೇರೆ ಮಾಡಿ ಎತ್ತಿಕೊಳ್ಳಲು ಸುತ್ತಲಿನ ಊರುಗಳಲ್ಲಿ ಅಕ್ಕಯಮ್ಮನನ್ನೇ ಕರೆಯುತ್ತಿದ್ದರು. ಗಂಡ ಹೋಗಿ ಇಪ್ಪತ್ತೆರಡು ವರ್ಷ. ಆ ಇಪ್ಪತ್ತೆರಡು ವರ್ಷವೂ ಅವಳ ಊಟ ಆ ಬೆರಳುಗಳಿಂದಲೇ ನಡೆದಿತ್ತು. ಈ ಸಲ ಲಾವಣ್ಯ ಕಡೆಯ ಎರಡು ದಿನಕ್ಕೆ ಮಾತ್ರವಲ್ಲ, ಹುಳು ಮನೆಗೆ ಬಂದ ದಿನದಿಂದಲೇ ಜೊತೆಗಿರು ಎಂದು ಬೇಡಿಕೊಂಡಿದ್ದಳು. ಯಾಕೆಂದರೆ ಇದು ಬರೀ ಒಂದು ಬೆಳೆಯ ಮಾತಾಗಿರಲಿಲ್ಲ.

ಲಾವಣ್ಯ ಮೇಷ್ಟ್ರ ಸತ್ತ ತಮ್ಮನ ಮಗಳು. ನಗರಗೆರೆಗೆ ಕೊಟ್ಟಿದ್ದರು. ಅಲ್ಲಿಂದ ವಾಪಸು ಬಂದಾಗ ಎಡಗೈ ಮೊಣಕೈ ಹತ್ತಿರ ನೆಟ್ಟಗಾಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಗಂಡ ಬಾಗಿಲ ಅಗುಳಿಯಿಂದ ಹೊಡೆದದ್ದು. ಮೇಷ್ಟ್ರ ಹೆಸರಿನಲ್ಲಿ ಒಂದು ಹುಳು ಮನೆ, ಅದರ ಹಿಂದೆ ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟ ಖಾಲಿ ಬಿದ್ದಿತ್ತು. ನಾನು ಹುಳು ಸಾಕಿಕೊಂಡು ಇಲ್ಲೇ ಇರುತ್ತೇನೆ ಎಂದು ಲಾವಣ್ಯ ಕೇಳಿದಾಗ ಮೇಷ್ಟ್ರು ಹಾಲಿನ ಡೈರಿಯ ಮುಂದೆ, ಕಾರ್ಯದರ್ಶಿ ಬಯ್ಯಪ್ಪನ ಎದುರಿಗೇ, ನಾಲ್ಕು ಜನ ಕೇಳುವಂತೆ ಮಾತು ಕೊಟ್ಟಿದ್ದರು. ಒಂದು ಬೆಳೆ ನೋಡುತ್ತೇನೆ. ನೂರು ಮೊಟ್ಟೆಗೆ ಅರವತ್ತು ಕಿಲೋ ಗೂಡು ಬಂದರೆ ಹುಳು ಮನೆಯೂ ತೋಟವೂ ನೀನೇ ನೋಡಿಕೋ. ಬರದಿದ್ದರೆ ನಗರಗೆರೆಗೆ ನಾನೇ ಬಿಟ್ಟು ಬರುತ್ತೇನೆ, ಹೆಣ್ಣಿನ ಜಾಗ ಅಲ್ಲಿ. ಹುಳು ಸಾಕುವವರಲ್ಲಿ ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ಲಾವಣ್ಯ ನೂರೈವತ್ತು ತಂದಿದ್ದಳು.

ಹುಳು ಮನೆಯಲ್ಲಿ ಮೂರು ಸ್ಟ್ಯಾಂಡು. ಬಾಗಿಲ ಪಕ್ಕ ಒಂದು, ನಡುವೆ ಒಂದು, ಕಿಟಕಿ ಕಡೆ ಒಂದು. ಒಂದೊಂದಕ್ಕೆ ಐವತ್ತು ಮೊಟ್ಟೆಯ ಹುಳು. ಅಕ್ಕಯಮ್ಮ ಮೊದಲ ದಿನವೇ ಮೂರನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಳು. ಯಾವುದಕ್ಕೆ ಎಷ್ಟು ಹೊರೆ ಸೊಪ್ಪು ಹೋಯಿತು ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಿದ್ದಳು. ಬರೆಯಲು ಬಾರದವಳ ಲೆಕ್ಕ ಅದು. ಅವಳ ಕೈಕೆಳಗೆ ಕಲಿತವರು ಇವತ್ತಿಗೂ ಹಾಗೆ ಮಾಡುತ್ತಾರೆ.

ಮೇಷ್ಟ್ರ ಕೆಲಸ ಪಡಸಾಲೆಯಲ್ಲಿ ನಡೆಯುತ್ತಿತ್ತು. ನಿವೃತ್ತಿಯಾಗುವವರೆಗೆ ಅವರು ಹುಡುಗರಿಗೆ ವಸ್ತು ಅಂದರೆ ಅಣು, ಪರಮಾಣು, ನೂರಹದಿನೆಂಟು ಧಾತು ಎಂದು ಹೇಳಿದ್ದರು. ನಿವೃತ್ತಿಯಾದ ಎರಡನೇ ತಿಂಗಳಿಗೆ ಅದನ್ನೆಲ್ಲ ಐದಕ್ಕೆ ಇಳಿಸಿದರು. ಇಳಿಸಿದ್ದಕ್ಕೆ ಕಾರಣ ಯಾವ ಪುಸ್ತಕದಲ್ಲೂ ಇರಲಿಲ್ಲ. ನೂರಹದಿನೆಂಟು ಎಂದು ಹೇಳಿದರೆ ಹೊರಗಡೆ ಯಾರೂ ಕೇಳಲು ಬರುವುದಿಲ್ಲ. ಐದು ಎಂದರೆ ಪೆರೇಸಂದ್ರದ ಕಲ್ಯಾಣ ಮಂಟಪದಲ್ಲಿ ಶಾಲು ಹೊದಿಸುತ್ತಾರೆ. ಹಳೆಯದನ್ನು ಪೂರ್ತಿ ಬಿಟ್ಟರೇ ಎಂದರೆ ಅದೂ ಇಲ್ಲ. ಐದು ಸಾಲದಾದಾಗ ನೂರಹದಿನೆಂಟನ್ನು ಹೊರಗೆ ತೆಗೆಯುತ್ತಿದ್ದರು, ನೂರಹದಿನೆಂಟು ಕೈಕೊಟ್ಟಾಗ ಐದರ ಹಿಂದೆ ಹೋಗಿ ಕೂರುತ್ತಿದ್ದರು. ಸಂತೆಯಲ್ಲಿ ಎರಡು ತಕ್ಕಡಿ ಇಟ್ಟುಕೊಂಡವನನ್ನು ಜನ ಹೊಡೆಯುತ್ತಾರೆ. ಮೇಷ್ಟ್ರಿಗೆ ಹಾರ ಹಾಕುತ್ತಿದ್ದರು.

ಒಂದು ಸಂಜೆ ಪೆರೇಸಂದ್ರದಿಂದ ಐದಾರು ಜನ ಬಂದಿದ್ದರು. ಮೇಷ್ಟ್ರು ಬಣ್ಣದ ಹಾಳೆಯನ್ನು ಗೋಡೆಗೆ ಹಾಕಿ ಕೋಲು ಹಿಡಿದು ನಿಂತಿದ್ದರು. ಅಕ್ಕಯಮ್ಮ ಮೂಲೆಯಲ್ಲಿ ಕೂತು ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು.

"ಕುಜ ಯಾಕೆ ಕೆಂಪು? ಅಲ್ಲಿರೋದು ಕಬ್ಬಿಣದ ತುಕ್ಕು. ಗುರು ಬರೀ ಅನಿಲ, ನಿಲ್ಲೋಕೆ ನೆಲ ಇಲ್ಲ. ಶನಿ ಎಷ್ಟು ಹಗುರ ಅಂದ್ರೆ, ನೀರಿನ ತೊಟ್ಟಿಗೆ ಹಾಕಿದ್ರೆ ತೇಲುತ್ತೆ. ಇದನ್ನ ಈಗಿನವರು ದುರ್ಬೀನು ಹಾಕಿ ಈಗ ಕಂಡುಕೊಂಡ್ರು. ನಮ್ಮೋರು ಕಣ್ಣು ಮುಚ್ಚಿಕೊಂಡು ಆಗಲೇ ಕಂಡಿದ್ರು."

"ಅಷ್ಟು ದೊಡ್ಡ ತೊಟ್ಟಿ ಯಾರತ್ರ ಐತೆ ಮೇಷ್ಟ್ರೇ?" ಅಂದಳು ಅಕ್ಕಯಮ್ಮ.

ಬಂದವರಲ್ಲಿ ಒಬ್ಬ ನಕ್ಕು, ಮೇಷ್ಟ್ರ ಮುಖ ನೋಡಿ ಕೆಮ್ಮಿದ.

"ಅಲ್ಲ, ತಿಳ್ಕೊಳಕ್ಕೆ ಕೇಳ್ತೀನಿ. ಗುರು ಬರೀ ಗಾಳಿ ಅಂತೀರ. ಗಾಳಿ ಅಂದ್ಮೇಲೆ ಚದುರಿ ಹೋಗ್ಬೇಕಲ್ಲ. ಉಂಡೆ ಕಟ್ಟಿದ ಹಂಗೆ ಯಾಕೆ ನಿಂತೈತೆ?"

"ಅದು ನಿನಗೆ ಅರ್ಥ ಆಗಲ್ಲಮ್ಮ. ನೀನು ಸೊಪ್ಪು ನೋಡ್ಕೋ."

ಅವಳು ಸೊಪ್ಪು ನೋಡಿಕೊಂಡಳು. ಒಳಗೆ ಹೋದ ಮೇಲೆ ಅದೇ ಪ್ರಶ್ನೆಯನ್ನು ಲಾವಣ್ಯನಿಗೆ ಕೇಳಿದಳು. ಲಾವಣ್ಯ ಹೈಸ್ಕೂಲು ಓದಿದ್ದು ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು, ಅವರದೇ ತರಗತಿಯಲ್ಲಿ.

"ಅದರ ಭಾರವೇ ಅದನ್ನ ಒಳಕ್ಕೆ ಎಳೀತದೆ ಅಜ್ಜಿ. ಎಲ್ಲಾ ಕಡೆಯಿಂದ ಒಂದೇ ಸಮ ಎಳೆದ್ರೆ ಉಂಡೆನೇ ಆಗೋದು."

"ಇಷ್ಟೇನಾ? ನಂಗೆ ಅರ್ಥ ಆಯ್ತಲ್ಲ."

"ದೊಡ್ಡಪ್ಪನೇ ಹೇಳಿಕೊಟ್ಟಿದ್ದು. ಆಗ ಚೆನ್ನಾಗಿ ಪಾಠ ಮಾಡೋರು. ನಕ್ಷತ್ರದಲ್ಲಿರೋ ಕಬ್ಬಿಣವೂ ನಮ್ಮ ರಕ್ತದಲ್ಲಿರೋ ಕಬ್ಬಿಣವೂ ಒಂದೇ ಅಂತ ಹೇಳಿದ ದಿನ ನಂಗೆ ನಿದ್ದೆನೇ ಬಂದಿರಲಿಲ್ಲ."

ಅಕ್ಕಯಮ್ಮನಿಗೆ ಅದರಲ್ಲಿ ನಂಬಲಾಗದ್ದು ಏನೂ ಕಾಣಲಿಲ್ಲ. ಹಸಿರು ಸೊಪ್ಪು ಒಂದು ಹುಳುವಿನ ಹೊಟ್ಟೆಗೆ ಹೋಗಿ ಇಪ್ಪತ್ತೈದು ದಿನಕ್ಕೆ ಬಿಳಿ ನೂಲಾಗಿ ಬಾಯಿಂದ ಹೊರಗೆ ಬರುವುದನ್ನು ಅವಳು ಐವತ್ತು ವರ್ಷದಿಂದ ನೋಡುತ್ತಿದ್ದಳು. ಸೊಪ್ಪಿನಲ್ಲಿ ಇಲ್ಲದೆ ನೂಲು ಎಲ್ಲಿಂದ ಬಂತು? ಇದ್ದದ್ದೇ ಬೇರೆ ರೂಪಕ್ಕೆ ಬಂದಿತು, ಅಷ್ಟೆ. ಇದನ್ನು ಕೂತು ನೋಡಲು ತಾಳ್ಮೆ ಬೇಕು. ಮೇಷ್ಟ್ರು ಪಡಸಾಲೆಯಿಂದ ಹುಳು ಮನೆಯವರೆಗಿನ ಇಪ್ಪತ್ತು ಹೆಜ್ಜೆ ನಡೆದು ಒಂದು ದಿನವೂ ನೋಡಿದವರಲ್ಲ. ಜಗತ್ತು ಯಾವುದರಿಂದ ಆಗಿದೆ ಎಂದು ಹೇಳುವವರಿಗೆ ಜಗತ್ತನ್ನು ನೋಡುವ ಅಗತ್ಯ ಬೀಳುವುದಿಲ್ಲವೇನೋ.

ಅವರು ಕಡೆಗೆ ನಡೆದು ಬಂದದ್ದು ಹುಳುಗಳು ನಾಲ್ಕನೇ ಸಲ ಪೊರೆ ಬಿಡಲು ಮಲಗಿದಾಗ. ಆಗ ಹುಳು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಇರುತ್ತದೆ. ಎಲ್ಲ ಒಂದೇ ಹೊತ್ತಿಗೆ ಏಳುವುದೂ ಇಲ್ಲ. ಕೆಲವು ಬೇಗ, ಕೆಲವು ತಡ. ಎಲ್ಲವೂ ಎದ್ದ ಮೇಲೆ ಸೊಪ್ಪು ಹಾಕಬೇಕು, ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡು ಸುಮ್ಮನಿರಬೇಕು. ಆ ಹೊತ್ತಿನಲ್ಲಿ ಹುಳು ಮನೆಗೆ ಊದುಕಡ್ಡಿಯ ವಾಸನೆ ಕೂಡ ಹೋಗಕೂಡದು. ಮಲ್ಲಿಗೆ ಮುಡಿದ ಹೆಂಗಸನ್ನೂ ಹೊರಗೇ ನಿಲ್ಲಿಸುತ್ತಾರೆ.

ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿ, "ಇವುಗಳಲ್ಲಿ ಅಗ್ನಿ ಕಡಿಮೆಯಾಗಿದೆ" ಎಂದರು.

"ಮಲಗವೆ ಮೇಷ್ಟ್ರೇ. ನಾಳೆ ಎದ್ದೇಳ್ತವೆ."

"ಕೆಲವು ಎದ್ದಿವೆ, ಕೆಲವು ಎದ್ದಿಲ್ಲ. ಗ್ರಹಗಳು ಸಮ ಇಲ್ಲ ಅಂತ ಅರ್ಥ."

"ನಿಮ್ಮ ಮನೇಲಿ ಎಲ್ಲಾರೂ ಒಂದೇ ಹೊತ್ತಿಗೆ ಏಳ್ತಾರಾ?" ಅಂದಳು ಅಕ್ಕಯಮ್ಮ. ಮೇಷ್ಟ್ರು ತಿರುಗಿ ಪಡಸಾಲೆಗೆ ಹೋದರು. ಒಪ್ಪಿಕೊಂಡು ಹೋದರು ಎಂದು ಅವಳು ತಿಳಿದದ್ದು ತಪ್ಪು. ಆ ಬೆಳೆಯಲ್ಲಿ ಅವಳು ಮಾಡಿದ ತಪ್ಪು ಅದೊಂದೇ.

ಮರುದಿನ ಬೆಳಗ್ಗೆ ಅಕ್ಕಯಮ್ಮ, ಲಾವಣ್ಯ ಇಬ್ಬರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋದರು. ಮೂರನೇ ಹೊರೆ ಕಟ್ಟುವಾಗ ಲಾವಣ್ಯ ಮೂಗು ಎತ್ತಿ, "ಅಜ್ಜಿ, ಪಟಾಕಿ ವಾಸನೆ" ಎಂದಳು. ಹೊರೆ ಅಲ್ಲೇ ಬಿಟ್ಟು ಓಡಿದರು.

ಹುಳು ಮನೆಯ ಬಾಗಿಲೊಳಗೆ ಮಣ್ಣಿನ ಕುಂಡದಲ್ಲಿ ಕೆಂಡ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಗ್ರಹಕ್ಕೊಂದರಂತೆ ಒಂಬತ್ತು ಖಾಲಿ ಕಾಗದದ ಪೊಟ್ಟಣ, ಪುಡಿಯೆಲ್ಲ ಕೆಂಡಕ್ಕೆ ಬಿದ್ದಿತ್ತು. ಸೂರ್ಯನಿಗೆ ತಾಮ್ರದ ಪುಡಿ, ಚಂದ್ರನಿಗೆ ಕರ್ಪೂರ, ಕುಜನಿಗೆ ಹಳೇ ಗುದ್ದಲಿಯಿಂದ ಕೆರೆದ ತುಕ್ಕು, ಗುರುವಿಗೆ ಅರಿಸಿನ, ಹೀಗೆ. ಶನಿಗೆ ಏನು ಎಂದು ಅವರ ಹಳೇ ಗ್ರಂಥದಲ್ಲಿ ಒಂದಿತ್ತು, ಪಾಠದ ಪುಸ್ತಕದಲ್ಲಿ ಇನ್ನೊಂದಿತ್ತು. ಶಿಡ್ಲಘಟ್ಟದ ಅಂಗಡಿಯಲ್ಲಿ ಸಿಕ್ಕಿದ್ದು ಗಂಧಕ. ಶನಿ ನಿಧಾನದವನೆಂದು ಅವನಿಗೆ ಎಲ್ಲರಿಗಿಂತ ಎರಡು ಚಮಚ ಹೆಚ್ಚು. ಮೇಷ್ಟ್ರು ಮಾತ್ರ ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ಹೊರಗೆ ನಿಂತಿದ್ದರು.

ಬಾಗಿಲ ಪಕ್ಕದ ಸ್ಟ್ಯಾಂಡಿನ ಹುಳುಗಳು ತಲೆ ಆಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು.

ಅಕ್ಕಯಮ್ಮ ಸೆರಗನ್ನು ಕೈಗೆ ಸುತ್ತಿಕೊಂಡು ಕುಂಡವನ್ನು ಎತ್ತಿ ಅಂಗಳಕ್ಕೆ ಒಯ್ದು ಮಗುಚಿದಳು. ಒಳಗೆ ಹೋಗಿ ದಕ್ಷಿಣದ ಕಿಟಕಿ ಪೂರ್ತಿ ತೆಗೆದಳು. ರಾತ್ರಿಯ ಗಾಳಿಗೆಂದು ಅದನ್ನು ಅವಳು ಮೊದಲೇ ನಾಲ್ಕು ಬೆರಳು ತೆರೆದಿಟ್ಟಿದ್ದರಿಂದ ಆ ಕಡೆಯ ಸ್ಟ್ಯಾಂಡಿಗೆ ಹೊಗೆ ಹೆಚ್ಚು ತಾಗಿರಲಿಲ್ಲ. ಲಾವಣ್ಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

"ದೊಡ್ಡಪ್ಪ, ಗಂಧಕ ಉರಿದ್ರೆ ಏನು ಬರುತ್ತೆ?"

ಮೇಷ್ಟ್ರು ಟವೆಲು ಬಿಚ್ಚಿದರು.

"ಹತ್ತನೇ ಕ್ಲಾಸಲ್ಲಿ ನೀವೇ ಉರಿಸಿ ತೋರಿಸಿದ್ರಿ. ಜಾಡಿಯೊಳಗೆ ಹೂವು ಹಾಕಿದ್ರಿ, ಹೂವು ಬೆಳ್ಳಗಾಯ್ತು. ಈ ಅನಿಲಕ್ಕೆ ಜೀವ ಇರೋದು ಯಾವುದೂ ತಡೆಯಲ್ಲ, ಕಿಟಕಿ ತೆಗೀರಿ ಅಂತ ನೀವೇ ಹೇಳಿದ್ರಿ."

"ಅದು ಪರೀಕ್ಷೆಗೆ ಕಣಮ್ಮ" ಅಂದರು ಮೇಷ್ಟ್ರು.

ಅಕ್ಕಯಮ್ಮ ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸಲು ತೆಗೆದುಕೊಂಡ ಜರಡಿ ಹಿಡಿದುಕೊಂಡೇ ಅವರನ್ನು ಒಂದು ಗಳಿಗೆ ನೋಡಿದಳು. ಅಲ್ಲಿಯವರೆಗೆ ಅವಳು ಅವರನ್ನು ತಿಳಿಯದವರು ಎಂದುಕೊಂಡಿದ್ದಳು. ತಿಳಿಯದವರ ಮೇಲೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ತಾನೂ ಆ ಪೈಕಿಯೇ. ಇವರಿಗೆ ತಿಳಿದಿತ್ತು. ಹೂವು ಸಮೇತ ತಿಳಿದಿತ್ತು. ತಿಳಿದದ್ದನ್ನು ಹುಡುಗರ ಪರೀಕ್ಷೆಯ ಹಾಳೆಯ ಮೇಲೆ ಬಿಟ್ಟು, ಪೆರೇಸಂದ್ರದ ಶಾಲು ಹೊದ್ದು ಮನೆಗೆ ಬಂದಿದ್ದರು. ಅಂಥವರಿಗೆ ಬೈಯುವುದು ಬಾಯಿಗೆ ನಷ್ಟ. ಅವಳು ತಿರುಗಿ ಕೆಲಸಕ್ಕೆ ಹೋದಳು.

ಅಂದಿನಿಂದ ಮೂರು ದಿನ ಅಕ್ಕಯಮ್ಮನೂ ಲಾವಣ್ಯನೂ ಹುಳು ಮನೆಯಿಂದ ಸೊಪ್ಪಿಗೆ, ಊಟಕ್ಕೆ ಬಿಟ್ಟರೆ ಹೊರಗೆ ಬರಲಿಲ್ಲ. ಬಾಗಿಲ ಕಡೆಯದು ಒಂದೂ ಉಳಿಯಲಿಲ್ಲ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ನಡುವಿನದರಲ್ಲಿ ಅಕ್ಕಯಮ್ಮ ಒಂದೊಂದು ಹುಳುವನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಬಿಗಿಯಾಗಿದ್ದದ್ದು ಇತ್ತ, ಮೆತ್ತಗಾಗಿದ್ದದ್ದು ಅತ್ತ. ಹದಿನಾರು ಸಾವಿರಕ್ಕೂ ಮೇಲೆ ಹುಳು. ಲಾವಣ್ಯನ ಎಡಗೈ ಮೇಲಿನ ಅಂತಸ್ತಿಗೆ ಎಟುಕದಿದ್ದುದರಿಂದ ಅಲ್ಲಿಯದನ್ನೆಲ್ಲ ಅಕ್ಕಯಮ್ಮನೇ ಸ್ಟೂಲು ಹತ್ತಿ ಮಾಡಿದಳು.

ಎರಡನೇ ದಿನ ಲಾವಣ್ಯ ಸೊಪ್ಪು ಹಾಸುತ್ತಲೇ, "ನಗರಗೆರೆಗೆ ಎಷ್ಟು ಹೊತ್ತಿಗೆ ಬಸ್ಸು ಅಜ್ಜಿ?" ಎಂದು ಕೇಳಿದಳು.

"ನಂಗೆ ಗೊತ್ತಿಲ್ಲ. ನಾನು ಆ ಕಡೆ ಹೋಗಲ್ಲ, ನೀನೂ ಹೋಗಲ್ಲ. ಸೊಪ್ಪು ತೆಳ್ಳಗೆ ಹಾಕು."

ಆಮೇಲೆ ಹುಳು ಹಣ್ಣಾಯಿತು. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆ ಕಾಣುವಂತಾದ ಹುಳುವನ್ನು ಅಕ್ಕಯಮ್ಮ ಆರಿಸಿ ಆರಿಸಿ ಬಿದಿರಿನ ಸುರುಳಿ ತಟ್ಟೆಗಳಿಗೆ ಬಿಟ್ಟಳು. ಕಿಟಕಿ ಕಡೆಯ ಹುಳು ಒಂದು ಕಡೆ, ನಡುವಿನದು ಒಂದು ಕಡೆ. ಬೆರೆಸಿದರೆ ಜಾಗ ಉಳಿಯುತ್ತದೆ ಎಂದು ಲಾವಣ್ಯ ಅಂದಾಗ, ಬೇಡ ಎಂದಳು. ತಟ್ಟೆಗೆ ಬಿಟ್ಟ ಆರನೇ ದಿನ ಗೂಡು ಬಿಡಿಸಿ ಚೀಲಕ್ಕೆ ತುಂಬಿದರು.

ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಲು ಮುಖ್ತಾರ್ ತನ್ನ ಲಗೇಜ್ ಆಟೋ ತಂದಿದ್ದ. ಮಾತು ಕೊಟ್ಟದ್ದು ಡೈರಿಯ ಮುಂದೆ, ತೂಗುವುದೂ ಅಲ್ಲೇ ಆಗಲಿ ಎಂದು ಮೇಷ್ಟ್ರು ಹಟ ಹಿಡಿದರು. ಬಯ್ಯಪ್ಪ ಡೈರಿಯ ಕಾಟಾ ಹೊರಗೆ ತಂದಿಟ್ಟ. ಹಾಲು ಹಾಕಲು ಬಂದವರು ಕ್ಯಾನು ಹಿಡಿದುಕೊಂಡೇ ನಿಂತರು.

ಎಲ್ಲ ಸೇರಿ ಐವತ್ಮೂರು ಕಿಲೋ.

"ನೂರೈವತ್ತು ಮೊಟ್ಟೆಗೆ ತೊಂಬತ್ತು ಬರಬೇಕಿತ್ತು" ಅಂದರು ಮೇಷ್ಟ್ರು. ದನಿಯಲ್ಲಿ ಬೇಸರ ಇತ್ತು, ಮುಖದಲ್ಲಿ ಇರಲಿಲ್ಲ. "ನಾನೇನು ಮಾಡಲಿ? ಹುಡುಗಿ ಜಾತಕದಲ್ಲಿ ಶನಿ ಕೂತಿದ್ದಾನೆ."

"ನೀರಲ್ಲಿ ತೇಲ್ತಾನಲ್ಲ, ಅವನೇನಾ ಮೇಷ್ಟ್ರೇ?" ಅಂದಳು ಅಕ್ಕಯಮ್ಮ.

ಮುಖ್ತಾರ್ ಆಟೋಕ್ಕೆ ಒರಗಿಕೊಂಡು ನಕ್ಕ. "ತೇಲೋವ್ನು ಇಷ್ಟು ಭಾರ ಆಗ್ತಾನಾ ಸಾರ್?"

"ಬಯ್ಯಪ್ಪಣ್ಣ, ಆ ನೀಲಿ ದಾರ ಕಟ್ಟಿರೋ ಚೀಲ ಮಾತ್ರ ಇನ್ನೊಂದು ಸಲ ತೂಗಪ್ಪ" ಅಂದಳು ಅಕ್ಕಯಮ್ಮ.

ಬಯ್ಯಪ್ಪ ತೂಗಿದ. ಮೂವತ್ತಾರು.

"ಅದು ಕಿಟಕಿ ಕಡೆ ಸ್ಟ್ಯಾಂಡಿಂದು. ಐವತ್ತು ಮೊಟ್ಟೆ. ಮೇಷ್ಟ್ರು ಹೊಗೆ ಹಾಕಿದ್ದು ಬಾಗಿಲ ಕಡೆ. ಆ ಕಡೇದು ಐವತ್ತು ಮೊಟ್ಟೆ ಗುಂಡಿಗೆ ಹೋಯ್ತು, ಗುಂಡಿ ಅಲ್ಲೇ ಐತೆ, ಬೇಕಾದ್ರೆ ಹೋಗಿ ನೋಡಣ. ನಡುವಿಂದು ಹದಿನೇಳು ಬಂತು. ಹೊಗೆ ಇಲ್ಲದ ಕಡೆ ಮೂವತ್ತಾರು ಬಂತು." ಅವಳು ಮೇಷ್ಟ್ರ ಕಡೆ ತಿರುಗಿದಳು. "ನಂಗೆ ಓದು ಬರಲ್ಲ, ನೀವೇ ಹೇಳಿ. ಐವತ್ತಕ್ಕೆ ಮೂವತ್ತಾರು ಅಂದ್ರೆ ನೂರಕ್ಕೆ ಎಷ್ಟು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮೂವತ್ತನಾಲ್ಕು ವರ್ಷದ ಅಭ್ಯಾಸ. ಲೆಕ್ಕ ಕೇಳಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

"ಎಪ್ಪತ್ತೆರಡು."

"ನೀವು ಕೇಳಿದ್ದು?"

ಅದಕ್ಕೆ ಬಯ್ಯಪ್ಪನೇ ಉತ್ತರ ಕೊಟ್ಟ. "ಅರವತ್ತು. ನನ್ನ ಮುಂದೇನೇ ಹೇಳಿದ್ದು. ಹುಳು ಸಾಕಿದ್ದು ಹುಡುಗಿ, ಸಾಯಿಸಿದ್ದು ನೀವು. ಸಾಯಿಸಿದ್ದರ ಲೆಕ್ಕ ಅವಳ ತಲೆಗೆ ಹಾಕೋದು ಸರಿ ಇಲ್ಲ ಮೇಷ್ಟ್ರೇ."

ಹಾಲಿನ ಕ್ಯಾನು ಹಿಡಿದವರಲ್ಲಿ ಯಾರೋ, ನಮ್ಮ ಮನೆ ಹಸುವಿಗೂ ಒಂದು ಪೊಟ್ಟಣ ಕೊಡಿ ಮೇಷ್ಟ್ರೇ, ಅತ್ತೆಗಾದರೂ ಕೊಡಿ ಎಂದ. ನಗು ಒಬ್ಬರಿಂದ ಒಬ್ಬರಿಗೆ ದಾಟಿತು. ಮೇಷ್ಟ್ರು ಹುಳು ಮನೆಯ ಬೀಗದ ಕೈಯನ್ನು ಜೇಬಿನಿಂದ ತೆಗೆದು, ಲಾವಣ್ಯನ ಕೈಗೆ ಕೊಡದೆ, ಕಾಟಾದ ಮೇಲೆ ಇಟ್ಟರು. ಲಾವಣ್ಯ ತೆಗೆದುಕೊಂಡಳು. ಅಳಲೂ ಇಲ್ಲ, ಕಾಲಿಗೆ ಬೀಳಲೂ ಇಲ್ಲ. ಚೀಲಗಳನ್ನು ಬಲಗೈಯಿಂದ ಒಂದೊಂದಾಗಿ ಆಟೋಕ್ಕೆ ಎತ್ತಿಕೊಟ್ಟಳು.

ಆಟೋ ಹೊರಟ ಮೇಲೆ ಜನ ಚದುರಿದರು. ಅಕ್ಕಯಮ್ಮ ಉದುರಿದ್ದ ನಾಲ್ಕು ಗೂಡು ಆರಿಸುತ್ತ ಬಗ್ಗಿದ್ದಳು. ಮೇಷ್ಟ್ರು ಹೋಗದೆ ಅಲ್ಲೇ ನಿಂತಿದ್ದರು. ತಪ್ಪಾಯಿತು ಎಂದು ಹೇಳಲು ನಿಂತಿರಬಹುದು, ಹೇಳಲು ಬಾಯಿ ಬರುತ್ತಿಲ್ಲ, ಪಾಪ, ಎಂದು ಅವಳಿಗೆ ಒಂದು ಕ್ಷಣ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅವಳು ಆಮೇಲೆ ತನ್ನನ್ನೇ ಬೈದುಕೊಂಡಳು. ಮುಂದಿನ ಭಾನುವಾರ ಅವರಿಗೆ ಚಿಂತಾಮಣಿಯಲ್ಲಿ ಭಾಷಣವಿತ್ತು. ಅದಾದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಮಗನ ಮನೆ ಸೇರಿಕೊಂಡರು, ಜಂಗಮಕೋಟೆಗೆ ಬಂದರೂ ಅವಳು ಎದುರಾದರೆ ದಾರಿಯ ಆಚೆ ಬದಿಗೆ ಹೋಗುತ್ತಿದ್ದರು. ಹಾಗಾಗಿ ಅವರು ಅವಳನ್ನು ಏನಾದರೂ ಕೇಳಿದ್ದು ಅವತ್ತೇ ಕೊನೆ.

ಮೇಷ್ಟ್ರು ಎರಡು ಹೆಜ್ಜೆ ಹತ್ತಿರ ಬಂದು, ಯಾರೂ ಇಲ್ಲವೆಂದು ಸುತ್ತ ನೋಡಿ, ಜೇಬಿನಿಂದ ಸಣ್ಣ ನೋಟುಪುಸ್ತಕ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು. ಅವಳ ಹೆಸರು ಹಿಡಿದು ಕರೆದದ್ದೂ ಆಗಲೇ, ಮೊದಲ ಸಲ.

"ಅಕ್ಕಯಮ್ಮನೋರೇ, ಆ ಉಳಿದುಕೊಂಡ ಸ್ಟ್ಯಾಂಡು ಇತ್ತಲ್ಲ, ದಕ್ಷಿಣದ ಕಿಟಕಿ ಕಡೇದು. ಅದನ್ನ ವಾಯವ್ಯ ಅಂತ ಹೇಳಬಹುದು, ಅಲ್ವಾ? ವಾಯುವಿನ ಮೂಲೆ?"